ಭಕ್ತರ ಎಲುಬುಗಳನ್ನು ನೋಡಹೋಗುವದು ತಕ್ಕದ್ದೋ?

ಕನಕಪುರ ಸೀಮೆಯ ಹಾರೋಬೆಲೆಯು ರೋಮನ್ ಕಥೋಲಿಕರ ಹಳೆಯ ಗ್ರಾಮವೆಂಬುದು ನಿಮಗೆ ತಿಳಿದದೆ. ನೆರೆಯ ಕಥೋಲಿಕರು ಹಳೇ ಗೋವೆಗೆ ಯಾತ್ರೆ ಹೊರಡುವಾಗ ನಮ್ಮನ್ನೂ ಕರೆದರೆ, ಹೋಗಬಹುದೋ, ಹೋದರೆ ಪಾಪವೋ? ಇದನ್ನು ಸ್ವಲ್ಪ ವಿಚಾರಿಸೋಣ.

ಹಳೇ ಗೋವೆಯು ಪೂರ್ವದಲ್ಲಿ ಪೋರ್ಚುಗೀಸರ ರಾಜಧಾನಿಯಾಗಿತ್ತು. ರೋಗಗಳ ದೆಸೆಯಿಂದ ಜನರು ಪಟ್ಟಣವನ್ನು ಬಿಟ್ಟುಹೋದರೂ ದೇವಾಲಯಗಳು ಉಳಿದವು. 1605ರಲ್ಲಿ ಪ್ರತಿಷ್ಠಿತವಾದ ಬಾಮ್ ಜೀಸಸ್ ದೇವಾಲಯದೊಳಗೆ, ಬೆಳ್ಳಿಯ ಪೆಟ್ಟಿಗೆಯಲ್ಲಿ, ಫ್ರಾನ್ಸಿಸ್ ಕ್ಸೇವಿಯರರ ಶರೀರವದೆ. ಅವರು 1552ರಲ್ಲಿ ಚೀನಾ ದೇಶದ ಬಳಿಯ ದ್ವೀಪವೊಂದರಲ್ಲಿ ತೀರಿಹೋದರು. 1554ರಲ್ಲಿ ಶರೀರವನ್ನು ಗೋವೆಗೆ ತಂದರು. ಹತ್ತು ವರುಷಕ್ಕೊಮ್ಮೆ ಅದನ್ನು ಜನರಿಗೆ ತೋರಿಸುವರು. 2024ರ ನವೆಂಬರ್ 21ರಿಂದ 2025ರ ಜನವರಿ 5ರ ವರೆಗೂ ಹಾಗೆ ತೋರಿಸಿದರು.

ಎಲೀಷನ ಎಲುಬು ತಗಲಿ ಸತ್ತವನೊಬ್ಬನು ಬದುಕಿದನೆಂದು ಸತ್ಯವೇದವು ತಿಳಿಸುತ್ತದೆ. ಆದರೆ ಆ ಎಲುಬುಗಳಿಗೆ ಯಾರೂ ಗುಡಿ ಕಟ್ಟಿದರೆಂದು ತಿಳಿಸುವದಿಲ್ಲ. ಮೋಶೆಯ ತಾಮ್ರದ ಸರ್ಪವು ಜನರನ್ನು ಬದುಕಿಸುವದಕ್ಕೆ ದೇವರಿಂದಲೇ ನೇಮಕವಾಗಿತ್ತು. ಜನರು ಅದಕ್ಕೆ ಧೂಪಹಾಕಲು ತೊಡಗಿದಾಗ ಹಿಜ್ಕೀಯನು ಅದನ್ನು ಒಡೆದುಹಾಕಿದನು. ಕೆಡಕು ತಾಮ್ರದಲ್ಲಿರಲಿಲ್ಲ, ಭರವಸವನ್ನು ಇಟ್ಟ ಸ್ಥಳದಲ್ಲಿತ್ತು.

ತಾವು ಎಲುಬನ್ನು ಆರಾಧಿಸುವದಿಲ್ಲ, ಗೌರವಿಸುತ್ತೇವಷ್ಟೇ ಎಂದು ಕಥೋಲಿಕರು ಹೇಳುತ್ತಾರೆ. ಅದನ್ನು ಸುಳ್ಳೆನ್ನುವ ಅಧಿಕಾರ ನಮಗಿಲ್ಲ. ಹೃದಯವನ್ನು ಶೋಧಿಸುವಾತನು ದೇವರೊಬ್ಬನೇ. ಗೋವೆಯ ಬೀದಿಗಳಲ್ಲಿ ಗಂಟೆ ಬಾರಿಸುತ್ತಾ ಮಕ್ಕಳನ್ನು ಕೂಡಿಸಿ ಕಲಿಸಿದ ಕ್ಸೇವಿಯರರ ಪ್ರಯಾಸವು ಗೌರವಕ್ಕೆ ತಕ್ಕದ್ದೇ. ಆದರೂ ಗೋವೆಗೆ ಧರ್ಮವಿಚಾರಣೆಯ ನ್ಯಾಯಸ್ಥಾನ ಬೇಕೆಂದು 1546ರಲ್ಲಿ ಅರಸನಿಗೆ ಬರೆದವರೂ ಅವರೇ. 1560ರಲ್ಲಿ ಸ್ಥಾಪಿತವಾಗಿ 1812ರಲ್ಲಿ ನಿಂತುಹೋದ ಆ ನ್ಯಾಯಸ್ಥಾನವು, ಹಳೆಯ ಆಚಾರಗಳಿಗೆ ತಿರುಗಿದರೆಂದು ನಮ್ಮಂತಹ ಹೊಸ ವಿಶ್ವಾಸಿಗಳನ್ನೇ ಹಿಡಿದು ದಂಡಿಸಿತು. ಭಕ್ತನೂ ತಪ್ಪಬಲ್ಲನು, ಆದಕಾರಣ ಯಾವ ಮನುಷ್ಯನ ಶರೀರವೂ ನಮ್ಮ ಆಶ್ರಯವಾಗಲಾರದು.

ಹೀಗಿರಲಾಗಿ, ನೋಡಿ ಕಲಿಯಲು ಹೋಗುವವನನ್ನು ನಾವು ತಡೆಯುವದಿಲ್ಲ. ಸಾಲಮಾಡಿ ಹೋಗಬೇಡಿರಿ, ಹರಕೆ ಹೊರಬೇಡಿರಿ, ಸತ್ತವರಲ್ಲಿ ಏನನ್ನೂ ಬೇಡಬೇಡಿರಿ, ಬೇಡುವವರನ್ನು ಹಾಸ್ಯಮಾಡಲೂ ಬೇಡಿರಿ.

ಯಾಕಂದರೆ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕಾಗಿದೆ. ತಾತನ ಸತ್ಯವೇದವನ್ನು ಬಟ್ಟೆಯಲ್ಲಿ ಸುತ್ತಿ, ಮಾಡದಲ್ಲಿಟ್ಟು, ವರುಷವಿಡೀ ತೆರೆಯದಿರುವವರು ನಮ್ಮಲ್ಲಿಲ್ಲವೋ? ಮಗುವಿಗೆ ಜ್ವರ ಬಂದ ರಾತ್ರಿ ಅದನ್ನು ತಲೆದಿಂಬಿನ ಕೆಳಗಿಟ್ಟು, ಬೆಳಗಾದ ಮೇಲೆ ಓದದೆ ತಿರಿಗಿ ಸುತ್ತಿಡುವವರು ಇಲ್ಲವೋ? ಗೋವೆಯ ಬೆಳ್ಳಿಪೆಟ್ಟಿಗೆಯನ್ನು ಕುರಿತು ಮಾತಾಡುವ ಮೊದಲು ನಾವು ಆ ಬಟ್ಟೆಯ ಗಂಟನ್ನು ಬಿಚ್ಚೋಣ.