ಕರ್ಮವೂ ಸಂಪ್ರದಾನವೂ

'ತಾಯಿ ಮಗುವಿಗೆ ಹಾಲನ್ನು ಕೊಟ್ಟಳು' ಎಂಬ ವಾಕ್ಯದಲ್ಲಿ ತಾಯಿ ಕರ್ತೃ, ಹಾಲು ಕರ್ಮ, ಪಡೆಯುವ ಮಗು ಸಂಪ್ರದಾನ. ಇಂಗ್ಲಿಷ್ ವ್ಯಾಕರಣ ಇದನ್ನು ಬೇರೆ ಬಗೆಯಲ್ಲಿ ವಿಂಗಡಿಸುತ್ತದೆ. 'ಮದರ್ ಗೇವ್ ದ ಚೈಲ್ಡ್ ಮಿಲ್ಕ್' ಎಂದಾಗ ಹಾಲು ನೇರ ಕರ್ಮ, ಮಗು ಪರೋಕ್ಷ ಕರ್ಮ. ಎರಡೂ ಕರ್ಮಗಳೇ. ಎರಡಕ್ಕೂ ವಿಭಕ್ತಿ ಪ್ರತ್ಯಯವಿಲ್ಲ, ಪದಗಳು ಕುಳಿತ ಸ್ಥಾನದಿಂದಲೇ ಅರ್ಥ ಹಿಡಿಯಬೇಕು. ಗುಂಡ್ಲುಪೇಟೆಯ ಕನ್ನಡ ಶಾಲೆಯ ಮಗು ಇಲ್ಲಿ ತಡವರಿಸಿದರೆ ತಪ್ಪಿಲ್ಲ. 'ಏನನ್ನು?' ಎಂದು ಕೇಳಿದರೆ ನೇರ ಕರ್ಮ, 'ಯಾರಿಗೆ?' ಎಂದರೆ ಪರೋಕ್ಷ ಕರ್ಮ ಸಿಗುತ್ತದೆ. ಆದರೆ 'ನನಗೆ ಹಸಿವಾಗಿದೆ', 'ನನಗೆ ಗೊತ್ತು' ಎಂಬಂಥ ಮಾತುಗಳಲ್ಲಿ ಈ ಉಪಾಯ ನಡೆಯದು. ಅಲ್ಲಿನ 'ನನಗೆ' ಇಂಗ್ಲಿಷಿನಲ್ಲಿ ಕರ್ತೃವಾಗಿಬಿಡುತ್ತದೆ.

ಆಡುಮಾತಿನಲ್ಲಿ 'ಹಾಲನ್ನು' ಎಂಬುದು ಸಲೀಸಾಗಿ 'ಹಾಲು' ಆಗುತ್ತದೆ. 'ಮಗುವಿಗೆ' ಎಂಬುದರ 'ಗೆ' ಮಾತ್ರ ಬೀಳುವುದಿಲ್ಲ. ವಸ್ತುವಿನ ಗುರುತು ಅಳಿಸಿದರೂ ಕನ್ನಡ ವಾಕ್ಯ ನಿಲ್ಲುತ್ತದೆ, ಪಡೆಯುವವರ ಗುರುತು ಅಳಿಸಿದರೆ ಕುಸಿಯುತ್ತದೆ. ಹಾಗಾದರೆ ಪಡೆಯುವವರು ಕ್ರಿಯೆಗೆ ಒಳಗಾಗುವ ಇನ್ನೊಂದು ಕರ್ಮವೋ, ಕ್ರಿಯೆ ಯಾರಿಗಾಗಿ ನಡೆಯಿತೋ ಆ ಗುರಿಯೋ? ಇದು ವ್ಯಾಕರಣದ ಹೊಸ್ತಿಲು ದಾಟಿ ಧರ್ಮದ ಅಂಗಳಕ್ಕೆ ಬರುವ ಪ್ರಶ್ನೆ.

ಕರ್ತೃವು ಕರ್ಮದ ಮೂಲಕ ಯಾರನ್ನು ಉದ್ದೇಶಿಸುತ್ತಾನೋ ಅವರು ಸಂಪ್ರದಾನ ಎಂಬುದು ಪಾಣಿನಿಯ ನಿಲುವು. ವ್ಯಾಖ್ಯಾನಕಾರರಲ್ಲಿ ಕೆಲವರು ಇನ್ನೂ ಬಿಗಿ ಮಾಡಿದರು: ಅಗಸನಿಗೆ ಬಟ್ಟೆ ಕೊಟ್ಟರೆ ಅಗಸ ಸಂಪ್ರದಾನವಲ್ಲ, ಏಕೆಂದರೆ ಬಟ್ಟೆ ಮರಳಿ ಬರುತ್ತದೆ. ತನ್ನದೆಂಬ ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟಾಗಲೇ ಅದು ಕೊಡುವುದು. ಕನ್ನಡದ 'ಗೆ' ಈ ಭೇದ ಎಣಿಸುವುದಿಲ್ಲ. ಗುಂಡ್ಲುಪೇಟೆ ಸೀಮೆಯ ರೈತ ಕಾರ್ಖಾನೆಗೆ ಚೆಂಡುಹೂ ಕೊಟ್ಟರೂ 'ಗೆ', ಹಿಮವದ್ ಗೋಪಾಲಸ್ವಾಮಿಗೆ ಕೊಟ್ಟರೂ 'ಗೆ'. ವ್ಯಾಪಾರ ಯಾವುದು, ಅರ್ಪಣೆ ಯಾವುದು ಎಂಬುದನ್ನು ಕೊಡುವವನ ಮನಸ್ಸೇ ಹೇಳಬೇಕು.

ಪಡೆಯುವವರು ಯಾರು ಎಂಬ ಪ್ರಶ್ನೆಗೆ ವೈದಿಕ ಯಾಗಗಳನ್ನು ವಿಚಾರಿಸುವ ಮೀಮಾಂಸಕರ ಉತ್ತರ ಅಚ್ಚರಿ ಹುಟ್ಟಿಸುವಂಥದು. ದ್ರವ್ಯ, ದೇವತೆ, ತ್ಯಾಗ ಈ ಮೂರು ಸೇರಿದರೆ ಯಾಗ. ಆದರೆ ಶಬರಸ್ವಾಮಿಯ ಭಾಷ್ಯದ ಪ್ರಕಾರ ದೇವತೆಗೆ ದೇಹವಿಲ್ಲ, ಹವಿಸ್ಸನ್ನು ಅದು ಉಣ್ಣುವುದೂ ಇಲ್ಲ. ಯಾಗವೇ ಮುಖ್ಯ, ದೇವತೆ ಅದಕ್ಕೆ ಅಂಗ. ಹೀಗೆ ಪಡೆಯುವ ದೇವತೆ ಬಹುಮಟ್ಟಿಗೆ ಚತುರ್ಥಿ ವಿಭಕ್ತಿಯ, ಅಂದರೆ 'ಗೆ' ಎಂಬ ಅರ್ಥದ, ಒಂದು ಪದವಾಗಿ ಉಳಿಯುತ್ತದೆ. ಮಲೆ ಮಹದೇಶ್ವರ ಬೆಟ್ಟ ಹತ್ತಿ ಮಾದಪ್ಪನಿಗೆ ಹರಕೆ ಒಪ್ಪಿಸುವ ಭಕ್ತರು ಇದನ್ನು ಒಪ್ಪಲಾರರು. ಅವರಿಗೆ ಮಾದಪ್ಪ ಕೇಳುವವನು, ನೋಡುವವನು. ಪಡೆಯುವವನೇ ಇಲ್ಲವೆಂದಾದರೆ ಹರಕೆಗೆ ಅರ್ಥವೇ ಉಳಿಯದು. ಈ ವಾದದಲ್ಲಿ ಭಕ್ತರ ಪಕ್ಷವೇ ಗಟ್ಟಿ.

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯಲ್ಲಿ ಈ ಪ್ರಶ್ನೆಗೆ ಇನ್ನೊಂದು ದಾರಿ ತೆರೆಯುತ್ತದೆ. ಜೈನ ಪರಂಪರೆ ಈ ಬೆಟ್ಟವನ್ನು ಆಚಾರ್ಯ ಪೂಜ್ಯಪಾದರ ಹೆಸರಿನೊಂದಿಗೆ ನೆನೆಯುತ್ತದೆ. 'ಜೈನೇಂದ್ರ ವ್ಯಾಕರಣ' ರಚಿಸಿದವರೂ ಅವರೇ, ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ' ಎಂಬ ಟೀಕೆ ಬರೆದವರೂ ಅವರೇ. ಕರ್ತೃ, ಕರ್ಮ, ಸಂಪ್ರದಾನದಂಥ ಕಾರಕಗಳನ್ನು ಬಲ್ಲ ಅವರು ಈ ಟೀಕೆಯಲ್ಲಿ ದಾನವನ್ನೂ ವಿವರಿಸಿದರು. ಆ ಸೂತ್ರಗ್ರಂಥದ ಏಳನೆಯ ಅಧ್ಯಾಯ ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದನ್ನೇ ದಾನವೆನ್ನುತ್ತದೆ. ವಿಧಿ, ದ್ರವ್ಯ, ದಾತೃ, ಪಾತ್ರ ಇವುಗಳ ವಿಶೇಷದಿಂದ ದಾನಕ್ಕೂ ವಿಶೇಷ ಬರುತ್ತದೆ ಎನ್ನುತ್ತದೆ. ದ್ರವ್ಯ ಎಂದರೆ ಕರ್ಮ, ದಾತೃ ಎಂದರೆ ಕರ್ತೃ, ಪಾತ್ರ ಎಂದರೆ ಸಂಪ್ರದಾನ. ಪೂಜ್ಯಪಾದರು 'ಅನುಗ್ರಹ'ವನ್ನು ಇಬ್ಬರಿಗೂ ಸಲ್ಲಿಸುತ್ತಾರೆ: ಕೊಡುವವನಿಗೆ ಪುಣ್ಯ, ಪಡೆಯುವವನಿಗೆ ಜ್ಞಾನಾದಿಗಳ ವೃದ್ಧಿ.

ದಿಗಂಬರ ಮುನಿಗೆ ಆಹಾರ ಕೊಡುವ ಗೃಹಸ್ಥ ಪಾಲಿಸುವ ನವಧಾಭಕ್ತಿಯಲ್ಲೂ, ಅಂದರೆ ಒಂಬತ್ತು ಬಗೆಯ ಭಕ್ತಿಯಲ್ಲೂ, ಪಾತ್ರ, ದಾತೃ, ದ್ರವ್ಯ ಎಂಬ ಇದೇ ಲೆಕ್ಕ ಕಾಣುತ್ತದೆ. ಬರಮಾಡಿಕೊಳ್ಳುವುದು, ಎತ್ತರದ ಆಸನ ಕೊಡುವುದು, ಪಾದ ತೊಳೆಯುವುದು, ಅರ್ಚಿಸುವುದು, ನಮಸ್ಕರಿಸುವುದು ಈ ಐದು ಪಡೆಯುವ ಮುನಿಗೆ ಸಂಬಂಧಿಸಿದವು. ಮನಸ್ಸು, ಮಾತು, ಕಾಯ ಈ ಮೂರರ ಶುದ್ಧಿ ಕೊಡುವವನದು. ಅನ್ನದ ಶುದ್ಧಿ ಒಂಬತ್ತನೆಯದು, ಕೊನೆಯದು.