ಪರವಾನಗಿ ಇದ್ದರೆ ಜೂಜು ಹಲಾಲಾಗುವುದೇ?



ಶೇಂಗಾ ಕೀಳುವ ಕಾಲ. ಕಾನಹೊಸಹಳ್ಳಿಯಲ್ಲಿ ಒಂದು ಸಂಜೆ ಪಾಠ ಮುಗಿದ ಮೇಲೂ ಒಬ್ಬ ಹುಡುಗ ಎದ್ದು ಹೋಗದೆ ಕುಳಿತಿದ್ದ. "ಹಜರತ್, ಸರಕಾರವೇ ಪರವಾನಗಿ ಕೊಟ್ಟರೆ ಜೂಜು ಹಲಾಲಾಗುತ್ತದೆಯೇ?" ಎಂದು ಕೇಳಿದ. ಓಸಿ ಬರೆಸಿದರೆ ಪೊಲೀಸರು ಹಿಡಿಯುತ್ತಾರೆ. ಬೆಂಗಳೂರಿನ ಕುದುರೆ ಬಾಜಿಗೆ ಲೈಸೆನ್ಸ್ ಇದೆ. ಕೇರಳದಲ್ಲಿ ಸರಕಾರವೇ ಲಾಟರಿ ಮಾರುತ್ತದೆ. ಹಾಗಾದರೆ ಪಾಪವಿರುವುದು ಆಟದಲ್ಲೋ, ಲೈಸೆನ್ಸ್ ಇಲ್ಲದಿರುವುದರಲ್ಲೋ?

ನಮ್ಮ ರಾಜ್ಯದ ಚರಿತ್ರೆಯನ್ನೇ ನೋಡಿ. 2007ರ ಮಾರ್ಚ್ ಕೊನೆಯವರೆಗೆ ಬಸ್ ನಿಲ್ದಾಣಗಳ ಬಳಿ ಲಾಟರಿ ಟಿಕೆಟು ರಾಜಾರೋಷವಾಗಿ ಮಾರಾಟವಾಗುತ್ತಿತ್ತು. ಏಪ್ರಿಲ್ 1ರಿಂದ ಅದಕ್ಕೆ ನಿಷೇಧ ಬಂತು. ಕುದುರೆ ಪಂದ್ಯ ಕೌಶಲದ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2021ರಲ್ಲಿ ಪೊಲೀಸ್ ಕಾಯ್ದೆಯ ತಿದ್ದುಪಡಿಯಿಂದ ನಿಷೇಧಿಸಲಾಯಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ನಿಷೇಧದ ಕಾಯ್ದೆಯನ್ನು ಅಂಗೀಕರಿಸಿತು. ಪಾಪಪುಣ್ಯಗಳನ್ನು ಕಾನೂನೇ ನಿರ್ಧರಿಸುವುದಾದರೆ, ಈ ನಾಲ್ಕು ವರ್ಷಗಳಲ್ಲಿ ಒಂದೇ ಕೃತ್ಯ ಎಷ್ಟು ಸಲ ಪಾಪವಾಯಿತು, ಎಷ್ಟು ಸಲ ಅಲ್ಲವಾಯಿತು!

ಆದರೆ ಪರವಾನಗಿಯ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜನ ಹೇಗೂ ಆಡುತ್ತಾರೆ, ಕದ್ದು ಆಡುವುದಕ್ಕಿಂತ ಲೆಕ್ಕ ಕೊಟ್ಟು ಆಡಲಿ, ಬಂದ ತೆರಿಗೆಯಿಂದ ಬಡವರಿಗೆ ಒಳಿತಾಗಲಿ ಎನ್ನುತ್ತಾರೆ. ಇದು ಹಳೆಯ ವಾದ. ಅಜ್ಞಾನ ಕಾಲದ ಅರಬರು ಒಂಟೆ ಕೊಯ್ದು, ಬಾಣಗಳನ್ನೆತ್ತಿ ಮಾಂಸದ ಪಾಲಿಗೆ ಜೂಜಾಡುತ್ತಿದ್ದರು. ಗೆದ್ದ ಮಾಂಸವನ್ನು ಬಡವರಿಗೆ ಹಂಚುವುದು ಅವರಿಗೆ ಹೆಮ್ಮೆಯ ವಿಷಯವಾಗಿತ್ತು. ಪವಿತ್ರ ಕುರ್‌ಆನ್ ಆ ಪ್ರಯೋಜನವನ್ನು ಅಲ್ಲಗಳೆಯಲಿಲ್ಲ. ಜೂಜಿನಲ್ಲಿ ಜನರಿಗೆ ಕೆಲವು ಲಾಭಗಳಿದ್ದರೂ ಅದರ ಪಾಪ ಲಾಭಕ್ಕಿಂತ ದೊಡ್ಡದೆಂದು 'ಅಲ್‌ಬಕರಃ' ಅಧ್ಯಾಯ ತಿಳಿಸುತ್ತದೆ. ಅದು ಹಗೆತನವನ್ನು ಬಿತ್ತಿ ನಮಾಝಿನಿಂದ ತಡೆಯುತ್ತದೆಂದು 'ಅಲ್‌ಮಾಇದಃ' ಎಚ್ಚರಿಸುತ್ತದೆ.

ಇಲ್ಲಿ ನಮ್ಮ ರೈತ ಕೇಳಬಹುದು: "ಮಳೆ ನಂಬಿ ಶೇಂಗಾ ಬಿತ್ತುವುದೂ ಜೂಜೇ ಅಲ್ಲವೇ?" ಅಲ್ಲ. ಬಿತ್ತನೆಯ ಅಪಾಯವನ್ನು ರೈತ ಹುಟ್ಟಿಸಿದ್ದಲ್ಲ. ಬೆಳೆ ಬಂದರೆ ಲೋಕಕ್ಕೆ ಒಂದು ಹಿಡಿ ಕಾಳು ಹೆಚ್ಚುತ್ತದೆ, ಪಕ್ಕದ ಹೊಲದವನು ಸೋಲಬೇಕಿಲ್ಲ. ಜೂಜಿನಲ್ಲಾದರೋ ಅಪಾಯವನ್ನು ಬೇಕೆಂದೇ ಸೃಷ್ಟಿಸುತ್ತೇವೆ. ಏನೂ ಬೆಳೆಯುವುದಿಲ್ಲ, ಇದ್ದ ಹಣ ಕೈ ಬದಲಾಗುತ್ತದೆ ಅಷ್ಟೆ. ನನ್ನ ಗೆಲುವಿಗಾಗಿ ನನ್ನ ಸೋದರನ ಸೋಲನ್ನು ಬಯಸಲೇಬೇಕು. ತನಗಾಗಿ ಬಯಸುವುದನ್ನೇ ಸೋದರನಿಗೂ ಬಯಸಬೇಕೆಂದು ಪ್ರವಾದಿ(ಸ)ರಿಂದ ಕಲಿತವನು ಹಾಗೆ ಬಯಸಬಹುದೇ?

"ಇಬ್ಬರೂ ಒಪ್ಪಿಯೇ ಆಡುತ್ತಾರಲ್ಲ" ಎಂಬುದು ಕೊನೆಯ ವಾದ. ಧರ್ಮರಾಯನೂ ಒಪ್ಪಿಯೇ ಆಡಿದ. ಆ ಆಟಕ್ಕೆ ದೊರೆಯ ಅಪ್ಪಣೆಯಿತ್ತು, ಹಿರಿಯರ ಸಭೆಯಿತ್ತು. ದ್ರೌಪದಿಯ ಒಪ್ಪಿಗೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಪರವಾನಗಿ ಆಡುವವರಿಗೆ ಸಿಗುತ್ತದೆ, ನಷ್ಟವನ್ನು ಮಾತ್ರ ಮನೆಯಲ್ಲಿದ್ದವರೂ ಹೊರುತ್ತಾರೆ.

ಹಾಗೆಂದು ನಿಷೇಧವಾದರೆ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿ. ಲಾಟರಿಯ ಮೇಜು ಹೋಯಿತು, ಓಸಿ ಚೀಟಿ ಹೋಗಲಿಲ್ಲ. ಈಗ ಕ್ರಿಕೆಟ್ ಬೆಟ್ಟಿಂಗ್ ಅಂಗಿಯ ಜೇಬಿನ ಮೊಬೈಲಿನಲ್ಲೇ ಇದೆ. ಕಾನೂನು ಅಂಗಡಿ ಮುಚ್ಚಿಸಬಲ್ಲದು, ಅದು ಬೇಕೇಬೇಕು. ಆಸೆಯನ್ನು ಮುಚ್ಚಿಸುವ ಕೆಲಸ ನಮ್ಮದು. "ಬಾ, ಜೂಜಾಡೋಣ" ಎಂದು ಬಾಯಿಮಾತಿಗೆ ಅಂದವನೂ ದಾನ ಕೊಡಲಿ ಎಂದು ಪ್ರವಾದಿ(ಸ) ಕಲಿಸಿದರು. ಆಡುವ ಮೊದಲೇ, ನಾಲಗೆಯಲ್ಲೇ ತಡೆಯುವ ಕ್ರಮವಿದು.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಅವನು ತಲೆ ತಗ್ಗಿಸಿ, "ಅಮ್ಮನ ಕಿವಿಯೋಲೆ ಗಿರವಿಯಲ್ಲಿದೆ, ಹಜರತ್" ಎಂದ. ಅವನು ಕೇಳಿದ್ದು ಅಬ್ಬಾನ ಬಗ್ಗೆ ಎಂದು ಆಗ ತಿಳಿಯಿತು. ನನ್ನ ವಾದಗಳೆಲ್ಲ ಅವನಿಗೆ ಬೇಕಿರಲಿಲ್ಲ.

ವಾಚಕರೇ, ನಿಮ್ಮ ಬೀದಿಯಲ್ಲೂ ಅಂಥ ಮನೆಯೊಂದಿರಬಹುದು. ಸೋತವನನ್ನು ಜರೆದು ದೂರವಿಡಬೇಡಿ, ಅವನು ಮತ್ತೆ ಆಟದವರ ಬಳಿಗೇ ಹೋಗುತ್ತಾನೆ. ಗಿರವಿ ಬಿಡಿಸಲು ನಾಲ್ವರು ಸೇರಿ ಬಡ್ಡಿಯಿಲ್ಲದ ಸಾಲ ಕೊಡಿ. ಹಣವನ್ನು ಅವನ ಕೈಗಲ್ಲ, ಆ ತಾಯಿಯ ಕೈಗೆ ಕೊಡಿ.

ಅಲ್ಲಾಹನು ನಮಗೆ ಧರ್ಮಸಮ್ಮತ ಸಂಪಾದನೆಯಲ್ಲಿ ತೃಪ್ತಿಯನ್ನು ಕರುಣಿಸಲಿ. ಆಮೀನ್.