ವಿಚಾರಣೆಯ ಪ್ರೇಕ್ಷಕ ಮತ್ತು ಕೇಡಿನ ಪ್ರಶ್ನೆ

ಕಟಕಟೆಯಲ್ಲಿ ನಿಂತವನ ಒಳಗು ನೋಡಲು ಬಂದು ಕುಳಿತವರಿಗೆ ಎಷ್ಟು ಕಂಡೀತು? ಅಡಾಲ್ಫ್ ಐಕ್‌ಮನ್ ವಿಚಾರಣೆ ಈ ಪ್ರಶ್ನೆಯನ್ನು ತತ್ತ್ವಶಾಸ್ತ್ರದ ಅಂಗಳಕ್ಕೇ ತಂದು ನಿಲ್ಲಿಸಿತು. ಯುರೋಪಿನ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾವಿನ ಶಿಬಿರಗಳಿಗೆ ಸಾಗಿಸುವ ಏರ್ಪಾಡನ್ನು ನೋಡಿಕೊಳ್ಳುತ್ತಿದ್ದ ಈ ನಾತ್ಸಿ ಅಧಿಕಾರಿಯನ್ನು ಇಸ್ರೇಲಿ ಗೂಢಚಾರರು 1960ರ ಮೇ ತಿಂಗಳಲ್ಲಿ ಅರ್ಜೆಂಟೀನಾದಲ್ಲಿ ಹಿಡಿದು ತಂದರು. 1961ರ ಏಪ್ರಿಲ್ 11ರಂದು ಜೆರುಸಲೇಮಿನ ಬೇತ್ ಹಾಮ್ ಸಭಾಭವನದಲ್ಲಿ ವಿಚಾರಣೆ ಆರಂಭವಾಯಿತು. ವೇದಿಕೆಯ ಮೇಲೆ ಮೂವರು ನ್ಯಾಯಾಧೀಶರು, ಗುಂಡು ತಾಗದ ಗಾಜಿನ ಗೂಡಿನೊಳಗೆ ಆರೋಪಿ, ಎದುರಿಗೆ ಸಾಲುಸಾಲಾಗಿ ಜನ. ಶಿಬಿರಗಳಿಂದ ಬದುಕಿ ಬಂದವರೂ ಆ ಸಾಲುಗಳಲ್ಲಿದ್ದರು.

ನಾತ್ಸಿ ಜರ್ಮನಿಯಿಂದ ಪಾರಾಗಿ ಅಮೆರಿಕ ಸೇರಿದ್ದ ಯಹೂದಿ ಚಿಂತಕಿ ಹನ್ನಾ ಅರೆಂಟ್ ‘ನ್ಯೂಯಾರ್ಕರ್’ ಪತ್ರಿಕೆಗೆ ವರದಿ ಮಾಡಲು ಬಂದು ಅಲ್ಲಿ ಕುಳಿತಿದ್ದರು. ಅವರಿಗೆ ಗಾಜಿನ ಹಿಂದೆ ರಾಕ್ಷಸ ಕಾಣಲಿಲ್ಲ; ನೆಗಡಿ ಹಿಡಿದ, ಸವಕಲು ಮಾತುಗಳಲ್ಲೇ ಉತ್ತರಿಸುವ ಒಬ್ಬ ಗುಮಾಸ್ತ ಕಂಡ. ಆಜ್ಞೆ, ಕರ್ತವ್ಯ, ಪ್ರತಿಜ್ಞೆ ಎಂಬ ಮಾತುಗಳೇ ಅವನ ಆಸರೆ. ತಾನು ಕಾಂಟನ ನೀತಿಯಂತೆ ಬದುಕಿದವನೆಂದೂ ಅವನು ಹೇಳಿಕೊಂಡಿದ್ದ. ತನ್ನ ವಿವೇಕವನ್ನೇ ನಿಯಮದ ಮೂಲವಾಗಿಸಿಕೊಳ್ಳಬೇಕೆಂದ ತತ್ತ್ವಜ್ಞಾನಿಯನ್ನು ಹಿಟ್ಲರನ ಆಜ್ಞೆಗೆ ಅಡಿಯಾಳಾಗಿಸಿದ ಈ ಮಾತಿಗಿಂತ ದೊಡ್ಡ ವಿಕೃತಿ ಆ ಸಭಾಭವನದಲ್ಲಿ ಕೇಳಿಬಂದಿರಲಾರದು. ಮಹಾ ಕೇಡಿಗೆ ಮಹಾ ದ್ವೇಷ ಬೇಕಿಲ್ಲ, ಯೋಚಿಸದಿರುವುದೇ ಸಾಕು ಎಂಬ ತೀರ್ಮಾನಕ್ಕೆ ಅರೆಂಟ್ ಬಂದರು. 1963ರಲ್ಲಿ ಅವರ ವರದಿ ಪುಸ್ತಕವಾಯಿತು.

ಆದರೆ ಪ್ರಾಸಿಕ್ಯೂಟರ್ ಗಿಡಿಯೋನ್ ಹೌಸ್ನರ್ ನಡೆಸಿದ ಪಾಟೀಸವಾಲಿನ ಹೊತ್ತಿಗೆ ಅರೆಂಟ್ ಜೆರುಸಲೇಮ್ ಬಿಟ್ಟಿದ್ದರು; ಆ ಭಾಗವನ್ನು ಅವರು ಬರಹದಲ್ಲಿ ಓದಿದರು. ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಪ್ರಾಣ ಉಳಿಸಿಕೊಳ್ಳಲು ಹೆಣಗುತ್ತಿರುವವನು ತನ್ನನ್ನು ಹೇಗೆ ತೋರಿಸಿಕೊಳ್ಳಬೇಕೆಂದು ಆಯ್ದುಕೊಂಡೇ ಬಂದಿರುತ್ತಾನೆ. ಅರ್ಜೆಂಟೀನಾದಲ್ಲಿ ತಲೆಮರೆಸಿಕೊಂಡಿದ್ದಾಗ ನಾತ್ಸಿ ಪತ್ರಕರ್ತ ವಿಲ್ಲೆಮ್ ಸಾಸನ್ ಮುಂದೆ ಐಕ್‌ಮನ್ ಬಾಯಿಬಿಟ್ಟು ಮಾತಾಡಿದ್ದು ಧ್ವನಿಮುದ್ರಣವಾಗಿದೆ. ಅಲ್ಲಿರುವವನು ಹೆಮ್ಮೆಯ ಯಹೂದಿದ್ವೇಷಿ. ಕೊಂದದ್ದು ಸಾಲಲಿಲ್ಲವೆಂದು ಕೊರಗುವವನು. ಈ ಸಾಮಗ್ರಿಯನ್ನು ಜಾಲಾಡಿದ ಬೆಟ್ಟಿನಾ ಸ್ಟಾಂಗ್ನೆಥ್ 2011ರ ತಮ್ಮ ಕೃತಿಯಲ್ಲಿ ಗಾಜಿನ ಗೂಡಿನ ಗುಮಾಸ್ತ ಒಂದು ವೇಷವೆಂದು ತೋರಿಸಿದರು. ಯೋಚನಾಹೀನತೆ ಕೇಡಿಗೆ ದಾರಿಯಾಗುತ್ತದೆಂಬ ಅರೆಂಟ್ ಮಾತು ಇದರಿಂದ ಸುಳ್ಳಾಗುವುದಿಲ್ಲ. ಅದಕ್ಕೆ ಅವರು ಆಯ್ದ ಉದಾಹರಣೆ ಮಾತ್ರ ತಪ್ಪಿತು.

ಆರೋಪಿಯ ಮುಖ ಓದುವುದಕ್ಕಿಂತ ಹಿರಿದಾದ ಕೆಲಸ ಪ್ರೇಕ್ಷಕರಿಗೆ ಬೇರೆಡೆ ಇತ್ತು. ನೂರಕ್ಕೂ ಹೆಚ್ಚು ಸಾಕ್ಷಿಗಳು ನುಡಿದರು. ಆಶ್ವಿಟ್ಸ್‌ನಿಂದ ಬದುಕುಳಿದ ಲೇಖಕ ಯೆಹಿಯೆಲ್ ದಿನೂರ್ 1961ರ ಜೂನ್ 7ರಂದು ಸಾಕ್ಷ್ಯ ಹೇಳುತ್ತಲೇ ಕುಸಿದುಬಿದ್ದರು. ಕಾನೂನಿನ ಕಣ್ಣಿಗೆ ಆ ಕುಸಿತ ಏನನ್ನೂ ಸಾಬೀತುಮಾಡಲಿಲ್ಲ. ಇಂಥ ಸಂಕಟವನ್ನು ಹೇಳುವುದು ನ್ಯಾಯಾಲಯದ ಅಳವಲ್ಲ, ದೊಡ್ಡ ಲೇಖಕರು, ಕವಿಗಳ ಪಾಲಿನದು ಎಂಬ ಅರ್ಥದ ಮಾತನ್ನು ನ್ಯಾಯಾಧೀಶರೇ ತೀರ್ಪಿನಲ್ಲಿ ಬರೆದರು. ಅದನ್ನು ಕೇಳಿಸಿಕೊಳ್ಳುವ ಹೊಣೆ ಹಾಗಾಗಿ ಕುಳಿತ ಜನರದಾಯಿತು.

ಮೋಶೆ ಲಾಂಡೌ ಮುಖ್ಯಸ್ಥರಾಗಿದ್ದ ಪೀಠವು ಐಕ್‌ಮನ್‌ನ ತೋರಿಕೆಯನ್ನು ನೆಚ್ಚಲಿಲ್ಲ. ದಾಖಲೆ, ಸಾಕ್ಷ್ಯ, ಪಾಟೀಸವಾಲುಗಳನ್ನು ತೂಗಿ, ಅವನು ಬರಿಯ ಆಜ್ಞಾಪಾಲಕನಲ್ಲ, ಮನಃಪೂರ್ವಕವಾಗಿ ಕೊಲೆಯ ಕೆಲಸದಲ್ಲಿ ತೊಡಗಿದವನು ಎಂದು 1961ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 1962ರ ಮೇ 31ರ ನಡುರಾತ್ರಿಯ ಹೊತ್ತಿಗೆ ಅವನನ್ನು ಗಲ್ಲಿಗೇರಿಸಲಾಯಿತು.